ಹಡಗಿನ ಊಟ, ಹಡಗಿನ ಸ್ಟೀಕ್: ಗ್ಯಾಲ್ವೆಸ್ಟನ್‌ನಿಂದ ಕೊಜುಮೆಲ್‌ವರೆಗೆ

ಮೊದಲ ದಿನ: ಗ್ಯಾಲ್ವೆಸ್ಟನ್

ಹ್ಯೂಸ್ಟನ್‌ನಿಂದ ಗ್ಯಾಲ್ವೆಸ್ಟನ್‌ಗೆ ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ನಮ್ಮ ಕಡೆಯ ಕನ್ನಡದವರು ಕ್ರೂಸ್‌ಗೆ ಹೊರಟರೆ ಹೆಚ್ಚಾಗಿ ಇದೇ ಬಂದರು. ವಿಮಾನದ ತಾಪತ್ರಯ ಇಲ್ಲ. ಕಾರು ನಿಲ್ಲಿಸಿ, ಸೂಟ್‌ಕೇಸ್ ಕೊಟ್ಟು, ಪಾಸ್‌ಪೋರ್ಟ್ ತೋರಿಸಿದರೆ ಹಡಗಿನ ಒಳಗಿರುತ್ತೀರಿ.

ನಾವು ನಾಲ್ಕು ಜನ. ನಾನು, ನನ್ನ ಹೆಂಡತಿ, ಮಂಡ್ಯದ ಗೆಳೆಯ, ಅವನ ಹೆಂಡತಿ. ಗೆಳೆಯನಿಗೂ ನನಗೂ ಮಾಂಸದೂಟ ಅಂದರೆ ಪ್ರಾಣ. ನನ್ನಾಕೆ ಕೋಳಿ, ಮೀನು ಮಾತ್ರ ತಿನ್ನುತ್ತಾಳೆ. ಅವನಾಕೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಷ್ಟು ಥರದ ಊಟ ಒಂದೇ ಟೇಬಲ್ಲಿಗೆ, ಒಂದೇ ಹೊತ್ತಿಗೆ ಬರುವ ಜಾಗ ಅಂದರೆ ಹಡಗೇ. ಈ ವಾರ ನನಗೆ ಇನ್ನೊಂದು ಆಸೆಯೂ ಇತ್ತು. ಸ್ಟೀಕ್ ಅಂದರೆ ಗ್ರಿಲ್ಲಿನಲ್ಲಿ ಸುಟ್ಟ ದನದ ಮಾಂಸದ ದಪ್ಪ ತುಂಡು. ಹಡಗಿನ ಸ್ಟೀಕ್ ಚೆನ್ನಾಗಿರಲ್ಲ ಅಂತ ಹೇಳುವವರು ಬಹಳ ಜನ. ಯಾಕೆ ಚೆನ್ನಾಗಿರಲ್ಲ, ಎಲ್ಲಿ ಚೆನ್ನಾಗಿರುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತ್ತು.

ಟರ್ಮಿನಲ್ ಕಿಟಕಿಯಿಂದ ಹಡಗಿನ ಪಕ್ಕೆಯ ಬಾಗಿಲು ಕಾಣುತ್ತಿತ್ತು. ಫೋರ್ಕ್‌ಲಿಫ್ಟ್‌ಗಳು ಬಾಕ್ಸ್‌ಗಳನ್ನು ಒಂದೇ ಸಮ ಒಳಗೆ ತುಂಬುತ್ತಿದ್ದವು. ಬೆಳಿಗ್ಗೆ ಹಳೆ ಪ್ರಯಾಣಿಕರು ಇಳಿಯುತ್ತಾರೆ, ಸಂಜೆ ಹೊಸಬರೊಂದಿಗೆ ಹಡಗು ಹೊರಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಸುಮಾರು ನಾಲ್ಕು ಸಾವಿರ ಜನರ ವಾರದ ಊಟ ಒಳಗೆ ಹೋಗಬೇಕು. ಮಾಂಸ ಬರುವುದು ಹೆಚ್ಚಾಗಿ ಗಟ್ಟಿ ಫ್ರೋಜನ್ ಆಗಿಯೇ. ಅದರಿಂದ ದೊಡ್ಡ ನಷ್ಟವೇನಿಲ್ಲ. ನಿಧಾನವಾಗಿ, ತಣ್ಣಗಿನ ಕೋಣೆಯಲ್ಲೇ ಕರಗಿಸಿದರೆ ರಸ ಜಾಸ್ತಿ ಸೋರುವುದಿಲ್ಲ.

ಬಂದರಿನಿಂದ ಸಮುದ್ರಕ್ಕೆ ಹೋಗುವ ನೀರಿನ ದಾರಿ, ಅಂದರೆ ಚಾನೆಲ್, ಅದನ್ನು ಹಡಗು ದಾಟುವಾಗ ಡಾಲ್ಫಿನ್‌ಗಳು ಪಕ್ಕದಲ್ಲೇ ಈಜಿದವು. ಡೆಕ್ ಮೇಲಿದ್ದವರೆಲ್ಲ ಒಂದೇ ಕಡೆ ಓಡಿದರು.

ನಮ್ಮದು ಎಂಟು ಗಂಟೆಯ ಎರಡನೇ ಪಂಕ್ತಿ. ಟಿಕೆಟ್ಟಿನಲ್ಲೇ ಸೇರಿದ ಊಟ ಸಿಗುವ ದೊಡ್ಡ ಡೈನಿಂಗ್ ರೂಮ್ ಅದು. ಎರಡು ಅಂತಸ್ತು, ತೂಗುದೀಪ, ಬಿಳಿ ಬಟ್ಟೆ ಹಾಸಿದ ಟೇಬಲ್ಲುಗಳು. ಮೆನುವಿನಲ್ಲಿ ಎರಡು ಥರದ ಸ್ಟೀಕ್ ಇತ್ತು. ಫ್ಲ್ಯಾಟ್ ಐರನ್‌ಗೆ ಬೇರೆ ಹಣ ಇಲ್ಲ. ಫಿಲೆ ಮಿನ್ಯಾನ್, ಅಂದರೆ ಬೆನ್ನಿನ ಒಳಭಾಗದ ಬಲು ಮೃದು ತುಂಡು, ಬೇಕಾದರೆ ಮೇಲೆ ದುಡ್ಡು ಕೊಡಬೇಕು. ಫ್ಲ್ಯಾಟ್ ಐರನ್ ಅಂದರೆ ದನದ ಭುಜದ ಒಳಗಿನ ತುಂಡು. ಅದರ ಮಧ್ಯೆ ಒಂದು ಗಟ್ಟಿ ನರದ ಪೊರೆ ಇರುತ್ತದೆ. ನೆಬ್ರಾಸ್ಕಾ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯದವರು ಭುಜದ ಮಾಂಸದ ಒಂದೊಂದು ಸ್ನಾಯುವನ್ನೂ ಪರೀಕ್ಷೆ ಮಾಡಿ, ಆ ಪೊರೆ ತೆಗೆದರೆ ಎರಡು ಮೃದುವಾದ ತುಂಡು ಸಿಗುತ್ತದೆ ಅಂತ ತೋರಿಸಿಕೊಟ್ಟರು. 2000ದ ನಂತರ ಅಮೆರಿಕದ ಹೋಟೆಲುಗಳಲ್ಲಿ ಇದು ಹೆಸರು ಮಾಡಿತು. ಕಡಿಮೆ ಬೆಲೆಗೆ ಒಳ್ಳೆಯ ರುಚಿ. ಹಾಗಾಗಿ ಅದನ್ನೇ ಮೀಡಿಯಂ ರೇರ್, ಅಂದರೆ ಒಳಗೆ ಕೆಂಪು ಉಳಿಯುವಂತೆ ಬೇಯಿಸಲು ಹೇಳಿದೆ. ಗೆಳೆಯ ಎಂದಿನಂತೆ ವೆಲ್ ಡನ್, ಪೂರ್ತಿ ಬೆಂದದ್ದು.

ತಟ್ಟೆ ಬಂತು. ಮುಚ್ಚಳ ತೆಗೆದಾಗ ಬುಸ್ಸಂತ ಆವಿ ಎದ್ದಿತು. ಸ್ಟೀಕ್ ಮೇಲೆ ಗ್ರಿಲ್ಲಿನ ಗೆರೆಗಳೇನೋ ಇದ್ದವು. ಆದರೆ ಗೆರೆಗಳ ನಡುವೆ ಬೂದು ಬಣ್ಣ. ಕೊಯ್ದು ನೋಡಿದೆ. ಅಂಚಿನಿಂದ ಅಂಚಿನವರೆಗೆ ಒಂದೇ ಬೂದು, ನಟ್ಟನಡುವೆ ತೆಳ್ಳಗೆ ಗುಲಾಬಿ ಗೆರೆ. ಮೇಲ್ಮೈ ಒದ್ದೆ ಒದ್ದೆ. ಬಿಸಿಯೂ ಅಷ್ಟಕ್ಕಷ್ಟೇ. ಗೆಳೆಯನದ್ದು ಇನ್ನೂ ಗಟ್ಟಿ. ಚಾಕು ಹಿಡಿದು ಗರಗಸದ ಥರ ಎಳೆದ.

ನಮ್ಮ ಮಾತು ಕೇಳಿಸಿಕೊಂಡು ವೇಟರ್ ಹುಡುಗ ಹತ್ತಿರ ಬಂದ. "ಸರ್, ನೀವು ಕನ್ನಡದವರಾ? ನಾನು ಬ್ರಹ್ಮಾವರದವ."

ಹೆಂಗಸರಿಬ್ಬರ ಮುಖ ಅರಳಿತು. ಕ್ರೂಸ್ ಹಡಗುಗಳಲ್ಲಿ ಮಂಗಳೂರು, ಉಡುಪಿ, ಗೋವಾ, ಮುಂಬೈ ಕಡೆಯ ಹುಡುಗರು ಬಹಳ ಜನ ಇರುತ್ತಾರೆ. ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟು, ಮನೆಯಿಂದ ಅಷ್ಟು ದೂರ. ನಾವು ಸ್ಟೀಕ್ ವಿಷಯ ಹೇಳಿದೆವು. ಅವನು ಮುಚ್ಚಿಡದೆ ಹೇಳಿದ: "ಹೌದು ಸರ್, ಒಳಗೆ ಒಟ್ಟಿಗೇ ನೂರಾರು ತಟ್ಟೆ ಹೋಗ್ತದೆ. ನಾನು ಒಂದು ಟ್ರೇಯಲ್ಲಿ ನಿಮ್ಮದೂ, ಪಕ್ಕದ ಟೇಬಲಿನದ್ದೂ ಸೇರಿಸಿ ತರಬೇಕಲ್ಲ. ನಾಳೆ ಪ್ರೈಮ್ ರಿಬ್ ಉಂಟು. ಅದು ತಗೊಳ್ಳಿ. ಅದು ಚೆಂದ ಇರ್ತದೆ."

ನನ್ನ ತಟ್ಟೆ ವಾಪಸ್ ತೆಗೆದುಕೊಂಡು ಹೋಗಿ ಇನ್ನೊಂದು ತಂದುಕೊಟ್ಟ. ಮೊದಲಿನದ್ದಕ್ಕಿಂತ ವಾಸಿ. ಗೆಳೆಯನ ಹೆಂಡತಿಗೆ ಬಂದ ದಾಲ್, ಜೀರಾ ರೈಸ್, ರಾಯತ ಮಾತ್ರ ಆ ರಾತ್ರಿ ಟೇಬಲ್ಲಿನ ಅತ್ಯುತ್ತಮ ಊಟ. ದಾಲ್‌ಗೆ ಒಗ್ಗರಣೆ ಹಾಕಿದವರು ಕೈ ಪಳಗಿದವರೇ.

ಎರಡನೇ ದಿನ: ಸಮುದ್ರದಲ್ಲಿ

ಇಡೀ ದಿನ ನೀರು. ಉತ್ತರದ ತಣ್ಣನೆ ಗಾಳಿ ಬೀಸುತ್ತಿತ್ತು, ಹಡಗು ಸ್ವಲ್ಪ ಓಲಾಡುತ್ತಿತ್ತು. ಹೆಂಗಸರು ಕ್ಯಾಬಿನ್‌ನಲ್ಲೇ ಉಳಿದರು. ನಾವಿಬ್ಬರು ದುಡ್ಡು ಕೊಟ್ಟು ಗ್ಯಾಲಿ ಟೂರ್‌ಗೆ ಹೋದೆವು. ಗ್ಯಾಲಿ ಅಂದರೆ ಹಡಗಿನ ಅಡುಗೆಮನೆ. ಹಡಗಿನಲ್ಲಿ ನಾನು ಖರ್ಚು ಮಾಡಿದ ಹಣದಲ್ಲಿ ಇದಕ್ಕೆ ಕೊಟ್ಟಿದ್ದೇ ಸಾರ್ಥಕ.

ಒಳಗೆ ಎಲ್ಲಿ ನೋಡಿದರೂ ಸ್ಟೀಲು. ನೆಲ, ಗೋಡೆ, ಮೇಜು ಎಲ್ಲಾ ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಅಮೆರಿಕದ ಬಂದರಿಗೆ ಬರುವ ಇಂಥ ಹಡಗುಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯವರು ಹೇಳದೆ ಕೇಳದೆ ಬಂದು ಪರೀಕ್ಷೆ ಮಾಡುತ್ತಾರೆ. 1970ರ ದಶಕದಿಂದ ನಡೆದುಬಂದ ಏರ್ಪಾಡು ಇದು. ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಫೇಲ್. ಆ ವರದಿಯನ್ನು ಯಾರು ಬೇಕಾದರೂ ಓದಬಹುದು. ಮಾಂಸ ಕರಗಿಸಲು ಬೇರೆಯೇ ತಣ್ಣನೆ ಕೋಣೆ. ಅಲ್ಲಿನ ಒಂದೊಂದು ಟ್ರೇಗೂ ತಾರೀಕಿನ ಚೀಟಿ. ಪಕ್ಕದಲ್ಲೇ ಮಾಂಸ ಕತ್ತರಿಸುವ ಕೋಣೆ.

ನಾನು ಹುಡುಕುತ್ತಿದ್ದುದು ಬೆಂಕಿ. ಅದು ಎಲ್ಲೂ ಕಾಣಲಿಲ್ಲ. ನಮ್ಮನ್ನು ಕರೆದುಕೊಂಡು ಹೋದ ಅಡುಗೆಯವರನ್ನು ಕೇಳಿದಾಗ, ಗ್ಯಾಸೂ ಇಲ್ಲ, ಇದ್ದಿಲೂ ಇಲ್ಲ, ಎಲ್ಲಾ ಕರೆಂಟಿನಲ್ಲೇ ಅಂದರು. ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿದ್ದರೆ ಓಡಿ ಹೋಗಲು ಜಾಗ ಇಲ್ಲ ಅಲ್ವಾ. ಅದಕ್ಕೇ ತೆರೆದ ಉರಿ ಇಟ್ಟುಕೊಳ್ಳುವುದಿಲ್ಲ. ಗ್ರಿಲ್ಲು, ಕಾವಲಿ, ಓವನ್ನು, ಮೇಲಿನಿಂದ ಕಾವು ಕೊಡುವ ಸಾಲಮ್ಯಾಂಡರ್ ಎಲ್ಲವೂ ಎಲೆಕ್ಟ್ರಿಕ್. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯ ರುಚಿ ಇಲ್ಲಿ ಬರುವುದೇ ಇಲ್ಲ. ಅಡುಗೆಯವರ ಕೈ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಅದಕ್ಕಿಂತ ದೊಡ್ಡ ತೊಂದರೆ ಹೊತ್ತಿನದ್ದು. ಸಾವಿರಕ್ಕೂ ಹೆಚ್ಚು ಜನ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಅಷ್ಟೂ ಜನರ ಸ್ಟೀಕನ್ನು ಒಂದೊಂದಾಗಿ ಹೇಳಿದ ಮೇಲೆ ಬೇಯಿಸುತ್ತಾ ಕೂರಲು ಆಗುತ್ತದೆಯೇ? ಮೊದಲೇ ಗ್ರಿಲ್ಲಿಗೆ ಹಾಕಿ ಗೆರೆ ಮೂಡಿಸುತ್ತಾರೆ. ಆಮೇಲೆ ಟ್ರೇಗಟ್ಟಲೆ ಓವನ್ನಿಗೆ ಹೋಗುತ್ತದೆ. ಬೆಂದದ್ದು ತಟ್ಟೆಗೆ, ತಟ್ಟೆಗೆ ಮುಚ್ಚಳ, ಮುಚ್ಚಳದ ಮೇಲೆ ಇನ್ನೊಂದು ತಟ್ಟೆ. ವೇಟರ್ ಅದನ್ನು ಹೆಗಲ ಮೇಲೆ ಹೊತ್ತು ಡೈನಿಂಗ್ ರೂಮಿಗೆ ತರುತ್ತಾನೆ. ದೋಸೆಯನ್ನು ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಏನಾಗುತ್ತದೋ ಸ್ಟೀಕಿಗೂ ಅದೇ ಗತಿ. ಆವಿ ಒಳಗೇ ಸುತ್ತಿ ಮೇಲಿನ ಗರಿ ಮೆತ್ತಗಾಗುತ್ತದೆ.

ಮಾಂಸದ ಮೇಲೆ ಬರುವ ಆ ಕಂದು ಪದರ, ಅದರ ಘಮ, ಎರಡೂ ಮೈಯಾರ್ ಕ್ರಿಯೆಯಿಂದ, ಅಂದರೆ ಕಾವಿಗೆ ಪ್ರೋಟೀನಿನ ಅಂಶವೂ ಸಕ್ಕರೆಯೂ ಕೂಡಿ ಕಂದಾಗುವುದರಿಂದ ಬರುವುದು. ಫ್ರಾನ್ಸಿನ ಲೂಯಿ ಕಮೀ ಮೈಯಾರ್ 1912ರಲ್ಲಿ ಅದನ್ನು ವಿವರಿಸಿದ. ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಚುರುಕಾಗುತ್ತದೆ. ಮೇಲ್ಮೈ ಒದ್ದೆ ಇದ್ದರೆ ನೀರು ಆರುವ ತನಕ ಕಾವು ನೂರರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಜೊತೆಗೆ, ಒಲೆಯಿಂದ ತೆಗೆದ ಮೇಲೂ ಮಾಂಸ ಒಳಗೊಳಗೇ ಬೇಯುತ್ತಿರುತ್ತದೆ. ಮೀಡಿಯಂ ರೇರ್ ಅಂದರೆ ಒಳಗಿನ ಕಾವು 54ರಿಂದ 57 ಡಿಗ್ರಿ. ಮುಚ್ಚಳದ ಕೆಳಗೆ ಹತ್ತು ನಿಮಿಷ ಕೂತರೆ ಅದು ಮೀಡಿಯಂ ದಾಟಿ ಹೋಗಿರುತ್ತದೆ. ಹಿಂದಿನ ರಾತ್ರಿಯ ನನ್ನ ಬೂದು ಸ್ಟೀಕಿನ ಕಥೆ ಇಷ್ಟೇ. ಮಾಂಸ ಕೆಟ್ಟದ್ದಾಗಿರಲಿಲ್ಲ. ಒಲೆಗೂ ಬಾಯಿಗೂ ನಡುವಿನ ದಾರಿ ಉದ್ದವಾಗಿತ್ತು.

ರಾತ್ರಿ ಎಲ್ಲರೂ ಚೆಂದ ಡ್ರೆಸ್ ಮಾಡಿಕೊಂಡು ಬರುವ ಫಾರ್ಮಲ್ ನೈಟ್. ನನ್ನಾಕೆ ರೇಷ್ಮೆ ಸೀರೆ ಉಟ್ಟಳು, ಲಿಫ್ಟಿನಲ್ಲಿ ಮೂರು ಜನ ನಿಲ್ಲಿಸಿ ಕೇಳಿದರು. ಬ್ರಹ್ಮಾವರದ ಹುಡುಗನ ಮಾತು ಕೇಳಿ ಪ್ರೈಮ್ ರಿಬ್ ತೆಗೆದುಕೊಂಡೆವು. ಅದು ಪಕ್ಕೆಲುಬಿನ ದೊಡ್ಡ ತುಂಡು. ಇಡಿಯಾಗಿ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಹಾಗೇ ಬೆಚ್ಚಗಿಟ್ಟು, ಬಡಿಸುವಾಗ ಹೋಳು ಮಾಡುತ್ತಾರೆ. ಬೆಂಕಿ ಬೇಡ, ಗರಿ ಬೇಡ, ಕಾದರೂ ಕೆಡುವುದಿಲ್ಲ. ಸಾವಿರ ಜನಕ್ಕೆ ಬಡಿಸಲು ಇದಕ್ಕಿಂತ ಹೇಳಿ ಮಾಡಿಸಿದ ದನದ ಮಾಂಸದ ಅಡುಗೆ ಇನ್ನೊಂದಿಲ್ಲ. ಹೋಳು ಅಂಚಿನಿಂದ ಅಂಚಿಗೆ ಗುಲಾಬಿ, ಮೇಲೆ ತೆಳು ಸಾರು, ಪಕ್ಕದಲ್ಲಿ ಮೂಗಿಗೆ ಹತ್ತುವ ಹಾರ್ಸ್‌ರ‍್ಯಾಡಿಶ್ ಸಾಸ್. ಇನ್ನೊಂದು ತಟ್ಟೆ ಕೇಳಿದೆ. ಹಡಗಿನಲ್ಲಿ ಎರಡನೇ ಸಲ ಕೇಳಲು ಸಂಕೋಚ ಬೇಡ, ತಂದುಕೊಡುತ್ತಾರೆ.

ಮೂರನೇ ದಿನ: ಮತ್ತೆ ಸಮುದ್ರ, ಸ್ಟೀಕ್‌ಹೌಸ್

ಹಡಗಿನಲ್ಲೇ ಸ್ಟೀಕಿಗೆಂದೇ ಇರುವ ಬೇರೆ ಹೋಟೆಲು ಸ್ಟೀಕ್‌ಹೌಸ್. ಅದಕ್ಕೆ ಬೇರೆ ದುಡ್ಡು. ತಲೆಗೆ ಐವತ್ತು ಡಾಲರ್ ಮೇಲೆ, ಟಿಪ್ಸ್ ಬೇರೆ. ಗೆಳೆಯನಿಗೆ ಕೋಪ. "ಇಷ್ಟು ದುಡ್ಡು ಕೊಟ್ಟು ಹಡಗು ಹತ್ತಿದ ಮೇಲೂ ಊಟಕ್ಕೆ ಮತ್ತೆ ಕಾಸು ಬಿಚ್ಚಬೇಕಾ?" ಈ ಸಿಟ್ಟು ಬಹಳ ಜನರಿಗೆ ಇದೆ. ನ್ಯಾಯವಾದದ್ದೂ ಹೌದು. ಒಳ್ಳೆಯ ತುಂಡುಗಳು ದೊಡ್ಡ ಡೈನಿಂಗ್ ರೂಮಿನ ಮೆನುವಿನಿಂದ ಒಂದೊಂದಾಗಿ ಜಾರಿ ಮೇಲಿನ ದುಡ್ಡಿನ ಪಟ್ಟಿಗೆ ಸೇರುತ್ತಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೆ ಈ ಪದ್ಧತಿ ಇಂದು ನಿನ್ನೆಯದಲ್ಲ. 1905ರಲ್ಲೇ ಜರ್ಮನಿಯ 'ಅಮೆರಿಕಾ' ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೊರೆಂಟ್ ಇತ್ತು, ಅಲ್ಲಿ ಉಂಡರೆ ಬೇರೆ ಬಿಲ್ಲು. 1912ರಲ್ಲಿ ಟೈಟಾನಿಕ್ಕಿನಲ್ಲೂ ಹಾಗೇ, ಲುಯಿಜಿ ಗಾಟಿ ಎಂಬಾತ ನಡೆಸುತ್ತಿದ್ದ ರೆಸ್ಟೊರೆಂಟ್ ಬೇರೆ ಇತ್ತು. ಆ ಹಡಗಿನ ಮೊದಲ ದರ್ಜೆಯ ಕೊನೆಯ ಊಟದ ಮೆನುವಿನಲ್ಲಿ ಫಿಲೆ ಮಿನ್ಯಾನ್ ಇದೆ. ಅದು ಟಿಕೆಟ್ಟಿನಲ್ಲೇ ಸೇರಿದ ಊಟ ಅನ್ನುವುದನ್ನೂ ನೋಡಬೇಕು. ಈಗ ಹೆಚ್ಚು ಕಡಿಮೆ ಎಲ್ಲ ಕಂಪನಿಗೂ ತನ್ನದೇ ಸ್ಟೀಕ್‌ಹೌಸ್ ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಚಾಪ್ಸ್ ಗ್ರಿಲ್, ಪ್ರಿನ್ಸೆಸ್‌ನಲ್ಲಿ ಕ್ರೌನ್ ಗ್ರಿಲ್, ಹಾಲೆಂಡ್ ಅಮೆರಿಕಾದಲ್ಲಿ ಪಿನಾಕಲ್ ಗ್ರಿಲ್, ನಾರ್ವೀಜಿಯನ್‌ನಲ್ಲಿ ಕ್ಯಾಗ್ನೀಸ್. ಓಶಿಯಾನಿಯಾದ ಪೋಲೊ ಗ್ರಿಲ್‌ನಲ್ಲಿ ಮೇಲಿನ ದುಡ್ಡು ಕೇಳುವುದಿಲ್ಲ, ಆದರೆ ಆ ಹಡಗಿನ ಟಿಕೆಟ್ಟೇ ದುಬಾರಿ.

ಆರು ಗಂಟೆಗೆ ಬಾಗಿಲು ತೆರೆದಾಗಲೇ ಹೋಗಿ ಕೂತೆವು. ಸಣ್ಣ ಹಾಲ್, ನೂರು ಜನವೂ ಹಿಡಿಸದು. ಗಾಜಿನ ಆಚೆ ಅಡುಗೆಮನೆ. ಗ್ರಿಲ್ಲಿಗೂ ನಮ್ಮ ಟೇಬಲ್ಲಿಗೂ ಇಪ್ಪತ್ತು ಹೆಜ್ಜೆ. ಮೆನುವಿನಲ್ಲಿ ಮಾಂಸದ ದರ್ಜೆ ಬರೆದಿದ್ದರು: ಯುಎಸ್‌ಡಿಎ ಪ್ರೈಮ್. ಯುಎಸ್‌ಡಿಎ ಅಂದರೆ ಅಮೆರಿಕದ ಕೃಷಿ ಇಲಾಖೆ. ಅದರವರು ಮಾಂಸದೊಳಗೆ ಹರಡಿದ ಕೊಬ್ಬಿನ ಎಳೆಗಳನ್ನು ನೋಡಿ ದರ್ಜೆ ಕೊಡುತ್ತಾರೆ. ಎಲ್ಲಕ್ಕಿಂತ ಮೇಲೆ ಪ್ರೈಮ್, ನಂತರ ಚಾಯ್ಸ್, ಆಮೇಲೆ ಸೆಲೆಕ್ಟ್. ದೊಡ್ಡ ಡೈನಿಂಗ್ ರೂಮಿನ ಮೆನುವಿನಲ್ಲಿ ದರ್ಜೆಯ ಮಾತೇ ಇರಲಿಲ್ಲ.

ನಾನು ಎಲುಬಿನ ಸಮೇತ ರಿಬ್‌ಐ, ಅಂದರೆ ಪಕ್ಕೆಲುಬಿನ ಕಡೆಯ ಸ್ಟೀಕ್ ಹೇಳಿದೆ. ಗೆಳೆಯ ಫಿಲೆ. ವೆಲ್ ಡನ್ ಅನ್ನಲು ಬಾಯಿ ತೆಗೆದ, ನಾನು ತಡೆದೆ.

"ಒಂದು ಸಲ ಮೀಡಿಯಂ ತಿಂದು ನೋಡೋ."

"ರಕ್ತ ಸೋರುತ್ತೆ ಕಣೋ. ನನ್ ಕೈಲಾಗಲ್ಲ."

ನಮ್ಮ ಕಡೆ ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ. ಆ ಕೆಂಪು ನೀರು ರಕ್ತ ಅಲ್ಲ. ರಕ್ತ ಕಡಿಯುವಾಗಲೇ ಬಸಿದು ಹೋಗಿರುತ್ತದೆ. ಉಳಿಯುವ ಕೆಂಪು ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನಿನದ್ದು. ಕಾವು ಏರಿದಂತೆ ಅದು ಗುಲಾಬಿಯಾಗಿ, ಕೊನೆಗೆ ಬೂದಾಗುತ್ತದೆ. ಇದನ್ನು ಹೇಳಿದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೂ ಮೀಡಿಯಂ ಅಂದ.

ಗಾಜಿನ ಆಚೆ ಅಡುಗೆಯವನು ನನ್ನ ರಿಬ್‌ಐ ಎತ್ತಿಕೊಂಡಿದ್ದನ್ನು ನೋಡಿದೆ. ಬಟ್ಟೆಯಿಂದ ಎರಡೂ ಕಡೆ ಒತ್ತಿ ಒತ್ತಿ ತೇವ ತೆಗೆದ. ಕೈ ಎತ್ತರ ಹಿಡಿದು ದಪ್ಪ ಉಪ್ಪು ಉದುರಿಸಿದ. ಮೇಲಿನಿಂದ ಕಾವು ಕೊಡುವ, ಕೆಂಪಗೆ ಕಾದಿದ್ದ ಬ್ರಾಯ್ಲರ್ ಒಲೆಯ ಕೆಳಗೆ ಇಟ್ಟ. ತಿರುಗಿಸಿದ ಮೇಲೆ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿದ, ತೆಗೆದು ಪಕ್ಕಕ್ಕಿಟ್ಟ. ಕೆಲವು ನಿಮಿಷ ಯಾರೂ ಅದನ್ನು ಮುಟ್ಟಲಿಲ್ಲ. ತಟ್ಟೆಗೆ ಮುಚ್ಚಳ ಹಾಕದೆ ನೇರ ನಮ್ಮ ಟೇಬಲ್ಲಿಗೆ ಬಂತು.

ಮೇಲೆ ಕಡುಕಂದು ಗರಿ, ಅದರ ಮೇಲೆ ಕೊಬ್ಬು ಇನ್ನೂ ಚಟಪಟ ಅನ್ನುತ್ತಿತ್ತು. ಒಳಗೆ ಬೆಚ್ಚನೆಯ ಕೆಂಪು. ಎಲುಬಿನ ಪಕ್ಕದ ಮಾಂಸದ ರುಚಿ ಇದೆಯಲ್ಲ, ಅದನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ನೆ ಕೂತೆ. ಹೊಗೆಯ ವಾಸನೆ ಇಲ್ಲ ಅನ್ನುವುದು ಬಿಟ್ಟರೆ ಹ್ಯೂಸ್ಟನ್ನಿನ ಒಳ್ಳೆಯ ಸ್ಟೀಕ್‌ಹೌಸ್‌ಗೆ ಯಾವುದರಲ್ಲೂ ಕಡಿಮೆ ಇರಲಿಲ್ಲ. ಗೆಳೆಯ ಮೊದಲ ತುಂಡು ಕಣ್ಣು ಮುಚ್ಚಿಕೊಂಡು ತಿಂದ. ಎರಡನೆಯದನ್ನು ಕಣ್ಣು ಬಿಟ್ಟುಕೊಂಡು. ಆಮೇಲೆ ಮಾತಿಲ್ಲ. ಅವನ ಹೆಂಡತಿಗೆ ಅಡುಗೆಯವರು ಅಣಬೆ, ಪಾಲಕ್, ಬೇಯಿಸಿದ ಆಲೂಗಡ್ಡೆ ಸೇರಿಸಿ ಒಂದು ತಟ್ಟೆ ಮಾಡಿಕೊಟ್ಟರು. ಅವರಿಗೆ ಅದು ಸಾಲಲಿಲ್ಲ. ಐವತ್ತು ಡಾಲರ್ ತೆತ್ತ ಸಸ್ಯಾಹಾರಿಗೆ ಇನ್ನೂ ಒಳ್ಳೆಯದು ಸಿಗಬೇಕು. ಅಂಥವರನ್ನು ದಯವಿಟ್ಟು ಸ್ಟೀಕ್‌ಹೌಸ್‌ಗೆ ಕರೆದುಕೊಂಡು ಹೋಗಬೇಡಿ, ದೊಡ್ಡ ಡೈನಿಂಗ್ ರೂಮಿನ ದಾಲ್ ಸಾವಿರ ಪಾಲು ಮೇಲು.

ನಾಲ್ಕು ಮತ್ತು ಐದನೇ ದಿನ: ರೊಆಟಾನ್, ಕೋಸ್ಟಾ ಮಾಯಾ

ರೊಆಟಾನ್ ಹೊಂಡುರಾಸ್ ದೇಶಕ್ಕೆ ಸೇರಿದ ದ್ವೀಪ. ಹವಳದ ದಿಬ್ಬಗಳ ಮೇಲೆ ಸ್ನಾರ್ಕಲ್ ಮಾಡಿ, ಬೀಚ್ ಪಕ್ಕದ ಸಣ್ಣ ಅಂಗಡಿಯಲ್ಲಿ ಬಲೆಯಾಡಾ ತಿಂದೆವು. ದಪ್ಪ ಮೈದಾ ರೊಟ್ಟಿ, ಒಳಗೆ ಅರೆದ ಹುರುಳಿಕಾಯಿ ಬೀಜದ ಪಲ್ಯ, ಕೆನೆ, ಚೀಸ್. ಗೆಳೆಯನ ಹೆಂಡತಿ ಎರಡು ತಿಂದರು.

ಮೆಕ್ಸಿಕೊದ ಕೋಸ್ಟಾ ಮಾಯಾದಲ್ಲಿ ಹೆಚ್ಚು ಹೊತ್ತು ಇರಲಿಲ್ಲ, ಬಿಸಿಲು ಜೋರಿತ್ತು. ಬೇಗ ಹಡಗಿಗೆ ಬಂದು ಈಜುಕೊಳದ ಪಕ್ಕ ಬರ್ಗರ್ ತಿಂದೆವು. ಸ್ಟೀಕಿನಲ್ಲಿ ಎಡವುವ ಹಡಗು ಬರ್ಗರಿನಲ್ಲಿ ಎಡವುವುದಿಲ್ಲ. ಕಾರಣ ಅದೇ. ಬರ್ಗರಿಗೆ ಬೇಕಾದ್ದು ಚೆನ್ನಾಗಿ ಕಾದ ಕಬ್ಬಿಣದ ಕಾವಲಿ. ಅದು ಕರೆಂಟಿನಲ್ಲೂ ಅಷ್ಟೇ ಚೆನ್ನಾಗಿ ಕಾಯುತ್ತದೆ. ಕಣ್ಣೆದುರೇ ಮಾಡಿ ಕೈಗೆ ಕೊಡುತ್ತಾರೆ. ಕಾರ್ನಿವಲ್ ಹಡಗುಗಳಲ್ಲಿ 2011ರಲ್ಲಿ ಶುರುವಾದ, ಅಮೆರಿಕದ ಟಿವಿ ಅಡುಗೆಯವ ಗೈ ಫಿಯೆರಿಯ ಬರ್ಗರ್ ಅಂಗಡಿ ಅಷ್ಟು ಜನಪ್ರಿಯ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಆರನೇ ದಿನ: ಕೊಜುಮೆಲ್

ಇಡೀ ವಾರ ಸಿಗದ ಹೊಗೆ ಇಲ್ಲಿ ಸಿಕ್ಕಿತು. ಸಾನ್ ಮಿಗೆಲ್ ಪೇಟೆಯ ಸಮುದ್ರದ ಬದಿಯ ರಸ್ತೆ ಬಿಟ್ಟು ಒಳಗೆ ನಾಲ್ಕೈದು ಬೀದಿ ನಡೆದರೆ ಊರಿನವರು ಉಣ್ಣುವ ಜಾಗಗಳಿವೆ. ಬಾಗಿಲಲ್ಲೇ ಅರ್ಧ ಕೊಯ್ದ ಡ್ರಮ್ಮು, ತುಂಬ ಇದ್ದಿಲ ಕೆಂಡ. ಮೇಲೆ ಉದ್ದುದ್ದ ಅರಚೇರಾ. ಅದು ಹೊಟ್ಟೆಯ ಮೇಲಿನ ವಪೆಯ ಮಾಂಸ. ತೆಳು, ನಾರು ಜಾಸ್ತಿ, ಅಗ್ಗದ ತುಂಡು. ನಿಂಬೆ, ಉಪ್ಪು, ಬೆಳ್ಳುಳ್ಳಿ ಸವರಿ ಕೆಂಡದ ಮೇಲೆ ಎಸೆಯುತ್ತಾರೆ. ಕೊಬ್ಬು ತೊಟ್ಟಿಕ್ಕಿದಾಗ ಉರಿ ಭಗ್ ಅಂತ ಏಳುತ್ತಿತ್ತು. ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊತ್ತು, ಅಷ್ಟೇ. ಆ ಹೆಂಗಸು ಮಾಂಸವನ್ನು ಮರದ ಹಲಗೆಗೆ ಹಾಕಿ, ನಾರಿಗೆ ಅಡ್ಡಲಾಗಿ ಸಣ್ಣಗೆ ಕೊಚ್ಚಿದಳು. ಉದ್ದಕ್ಕೆ ಕೊಯ್ದಿದ್ದರೆ ಅಗಿಯಲು ಆಗುತ್ತಿರಲಿಲ್ಲ. ಬಿಸಿ ಜೋಳದ ಟೊರ್ಟಿಯಾ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಮೇಲೊಂದಿಷ್ಟು ಹಸಿಮೆಣಸಿನ ಚಟ್ನಿ.

ಕೆಂಡದಿಂದ ಕೈಗೆ ಬರಲು ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನಾಲ್ಕು ಟಾಕೊಗೆ ಕೊಟ್ಟ ದುಡ್ಡು ಹಡಗಿನ ಒಂದು ಬಿಯರಿಗೆ ಸಮ. ಹಡಗಿನ ಸ್ಟೀಕ್‌ಹೌಸಿನ ರಿಬ್‌ಐಗಿಂತ ಇದು ಮೇಲೋ ಕೆಳಗೋ ಅಂತ ಗೆಳೆಯ ಕೇಳಿದ. ತುಂಡು ಅದು ಮೇಲು, ಅಡುಗೆ ಇದು ಮೇಲು ಅಂದೆ. ಬಂದರಿನಲ್ಲಿ ಇಳಿದಾಗ ಹೆಚ್ಚಿನವರು ಮಧ್ಯಾಹ್ನದ ಊಟಕ್ಕೆ ಹಡಗಿಗೇ ಓಡುತ್ತಾರೆ, ದುಡ್ಡು ಕೊಟ್ಟಾಗಿದೆ ಅಂತ. ಕೊಜುಮೆಲ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ.

ಏಳನೇ ದಿನ: ವಾಪಸ್ ದಾರಿ

ಕೊನೆಯ ರಾತ್ರಿ ಡೈನಿಂಗ್ ರೂಮಿನಲ್ಲಿ ನ್ಯೂಯಾರ್ಕ್ ಸ್ಟ್ರಿಪ್ ಎಂಬ ಬೆನ್ನಿನ ಭಾಗದ ಸ್ಟೀಕ್ ಇತ್ತು. ಬ್ರಹ್ಮಾವರದ ಹುಡುಗ ಬೆಳಿಗ್ಗೆ ಬಫೆಯಲ್ಲಿ ಸಿಕ್ಕಾಗಲೇ ಹೇಳಿದ್ದ. "ಸರ್, ಎಂಟಕ್ಕೆ ಸರಿಯಾಗಿ ಬಂದು ಕೂತುಬಿಡಿ. ಸೂಪು, ಸಲಾಡು ಎಲ್ಲ ಬೇಡ. ನೀವು ಕೂತ ಕೂಡ್ಲೇ ನಾನು ಸ್ಟೀಕ್ ಆರ್ಡರ್ ಕೊಡ್ತೇನೆ. ರೇರ್ ಅಂತ ಹೇಳ್ತೇನೆ, ಇಲ್ಲಿಗೆ ಬರುವಾಗ ಮೀಡಿಯಂ ರೇರ್ ಆಗಿರ್ತದೆ."

ಹಾಗೇ ಮಾಡಿದೆವು. ಮೊದಲ ಟ್ರೇಯಲ್ಲೇ ನಮ್ಮ ತಟ್ಟೆಗಳು ಬಂದವು. ಒಳಗೆ ಗುಲಾಬಿ, ಮೇಲೆ ಪರವಾಗಿಲ್ಲ ಅನ್ನುವಷ್ಟು ಗರಿ. ಸ್ಟೀಕ್‌ಹೌಸಿನ ಮಟ್ಟ ಅಲ್ಲ. ಆದರೆ ಮೊದಲ ರಾತ್ರಿ ಉಂಡದ್ದಕ್ಕೆ ಹೋಲಿಸಿದರೆ ಬೇರೆಯೇ ಅಡುಗೆಮನೆಯಿಂದ ಬಂದಂತಿತ್ತು. ಅದೇ ಗ್ರಿಲ್ಲು, ಅದೇ ಓವನ್ನು. ಒಬ್ಬ ಹುಡುಗ ಮನಸ್ಸಿಟ್ಟು ಹೊತ್ತು ನೋಡಿ ಮಾಡಿದ ಕೆಲಸ ಅದು. ಗೆಳೆಯ ಈ ಸಲ ತಾನಾಗಿಯೇ ಮೀಡಿಯಂ ಅಂದಿದ್ದ. ಸೂಪಿನ ಆಸೆ ಇದ್ದ ಹೆಂಗಸರು ಆಮೇಲೆ ತರಿಸಿಕೊಂಡರು.

ಎಂಟನೇ ದಿನ: ಮಂಜು

ಗ್ಯಾಲ್ವೆಸ್ಟನ್ ಹೊರಗೆ ದಟ್ಟ ಮಂಜು. ಜನವರಿಯಲ್ಲಿ ಇದು ಮಾಮೂಲು. ಚಾನೆಲ್ ಮುಚ್ಚಿದ್ದರಿಂದ ಹಡಗು ಹೊರಗೇ ಕಾಯಿತು, ನಾವು ಇಳಿದಾಗ ಮಧ್ಯಾಹ್ನ ದಾಟಿತ್ತು. ಆ ಹೊತ್ತಲ್ಲಿ ಅಡುಗೆಮನೆಯವರು ಲೆಕ್ಕದಲ್ಲಿಲ್ಲದ ಒಂದು ಊಟವನ್ನು ಎಲ್ಲರಿಗೂ ಮಾಡಿ ಬಡಿಸಿದರು. ಅದಕ್ಕಾಗಿ ಯಾರೂ ಅವರಿಗೆ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಿತ್ತು.

ಎರಡು ದಿನ ಬಿಟ್ಟು ಕಂಪನಿಯಿಂದ ಸರ್ವೆ ಇಮೇಲ್ ಬಂತು. ಮುಂದೆ ಹೋಗುವವರು ಇದನ್ನು ಅಳಿಸಿಹಾಕಬೇಡಿ. ಒಳ್ಳೆಯ ಕೆಲಸ ಮಾಡಿದವರ ಹೆಸರು ಬರೆದರೆ ಅವರ ಮೇಲಿನವರು ನೋಡುತ್ತಾರೆ. ನಾವು ಇಬ್ಬರ ಹೆಸರು ಬರೆದೆವು. ಒಂದು ಬ್ರಹ್ಮಾವರದ ಹುಡುಗನದ್ದು. ಇನ್ನೊಂದು ದಾಲ್ ಮಾಡುತ್ತಿದ್ದ ಅಡುಗೆಯವರದ್ದು. ಅವರ ಹೆಸರನ್ನು ಗೆಳೆಯನ ಹೆಂಡತಿ ಮೊದಲ ರಾತ್ರಿಯೇ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರು.